ಗಣಿತದ ಒಗಟುಗಳನ್ನು ಜೊತೆಯಾಗಿ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಒಂದು ಎಚ್ಚರಿಕೆ: ಕೆಲವು ಒಗಟುಗಳ ಉತ್ತರವೂ ಇಲ್ಲೇ ಇದೆ. ಸ್ವಂತ ಬಿಡಿಸಬೇಕು ಅನ್ನುವವರು ಪ್ರಶ್ನೆ ಓದಿ ಅಲ್ಲೇ ನಿಲ್ಲಿ.

## ಶುರು ಮಾಡುವವರಿಗೆ

ಶಾಲೆಯಲ್ಲಿ ಗಣಿತ ಅಂದ್ರೆ ನನಗೆ ಆಗ್ತಾನೇ ಇರಲಿಲ್ಲ. ನಾನೂ ಇದಕ್ಕೆ ಕೈ ಹಾಕಬಹುದಾ?

ಧಾರಾಳವಾಗಿ. ಒಳ್ಳೆಯ ಒಗಟುಗಳಲ್ಲಿ ಎಷ್ಟೋ ಒಗಟುಗಳಿಗೆ ಸೂತ್ರವೇ ಬೇಕಿಲ್ಲ. ಒಂದು ನೋಡಿ. ಚದುರಂಗದ ಮಣೆಯಲ್ಲಿ 64 ಚೌಕ. ಎದುರುಬದುರು ಮೂಲೆಯ ಎರಡು ಚೌಕಗಳನ್ನು ಕತ್ತರಿಸಿ ತೆಗೆಯಿರಿ, 62 ಉಳಿಯಿತು. ಒಂದೊಂದು ಡಾಮಿನೊ ಬಿಲ್ಲೆ ಅಕ್ಕಪಕ್ಕದ ಎರಡು ಚೌಕ ಮುಚ್ಚುತ್ತದೆ. ಹಾಗಾದರೆ 31 ಬಿಲ್ಲೆಗಳಿಂದ ಇಡೀ ಮಣೆ ಮುಚ್ಚಬಹುದಾ?

ಬಿಲ್ಲೆ ಇಟ್ಟು ಇಟ್ಟು ನೋಡುತ್ತಾ ಕೂತರೆ ಗಂಟೆಗಟ್ಟಲೆ ಹೋಗುತ್ತದೆ. ಬಣ್ಣ ನೋಡಿದರೆ ಒಂದೇ ನಿಮಿಷ. ಎದುರುಬದುರು ಮೂಲೆಗಳು ಯಾವಾಗಲೂ ಒಂದೇ ಬಣ್ಣ, ಹಾಗಾಗಿ ಉಳಿದದ್ದು ಒಂದು ಬಣ್ಣದ 32, ಇನ್ನೊಂದು ಬಣ್ಣದ 30. ಬಿಲ್ಲೆ ಎಲ್ಲಿಟ್ಟರೂ ಒಂದು ಕಪ್ಪು, ಒಂದು ಬಿಳಿ ಮುಚ್ಚುತ್ತದೆ. ಆಗಲ್ಲ, ಮುಗಿಯಿತು. ಇದರಲ್ಲಿ ಎಣಿಸುವುದು ಬಿಟ್ಟರೆ ಬೇರೆ ಗಣಿತ ಇಲ್ಲ. ಆದರೂ ಇದು ಪಕ್ಕಾ ಸಾಧನೆ, ಅಂದರೆ ಪ್ರೂಫ್.

ಒಗಟು, ಪ್ಯಾರಡಾಕ್ಸ್ ಎರಡೂ ಒಂದೇನಾ?

ಒಂದೇ ಅಲ್ಲ. ಒಗಟಿನಲ್ಲಿ ಉತ್ತರ ಹುಡುಕುತ್ತೀರಿ. ಪ್ಯಾರಡಾಕ್ಸಿನಲ್ಲಿ ಉತ್ತರ ಕಣ್ಣೆದುರೇ ಇರುತ್ತದೆ, ನಂಬೋಕೆ ಆಗುವುದಿಲ್ಲ.

ತತ್ವಶಾಸ್ತ್ರಜ್ಞ ಕ್ವೈನ್ ಇವನ್ನು ಮೂರು ಬಗೆ ಮಾಡಿದ್ದರು, ಆ ವಿಂಗಡಣೆ ಈಗಲೂ ಉಪಯೋಗಕ್ಕೆ ಬರುತ್ತದೆ. ಮೊದಲನೆಯದು ವಿಚಿತ್ರ ಅನಿಸಿದರೂ ನಿಜವಾದದ್ದು: 23 ಜನ ಇರುವ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಶೇ. 50.7. ಜನ 23 ಇರಬಹುದು, ಜೋಡಿಗಳು 253 ಇವೆಯಲ್ಲ! ಎರಡನೆಯದು ಎಲ್ಲೋ ತಪ್ಪು ಅಡಗಿಸಿಟ್ಟದ್ದು. 1 = 2 ಅಂತ ತೋರಿಸುವ ಲೆಕ್ಕಗಳು ಈ ಜಾತಿಯವು, ಹುಡುಕಿದರೆ ಯಾವುದೋ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿರುತ್ತಾರೆ. ಮೂರನೆಯದು ನಿಜವಾಗಿ ಬುಡ ಅಲುಗಾಡಿಸುವಂಥದ್ದು. ತಮ್ಮನ್ನು ತಾವೇ ಒಳಗೊಳ್ಳದ ಎಲ್ಲಾ ಗಣಗಳ (ಸೆಟ್‌ಗಳ) ಗಣ ತನ್ನನ್ನು ಒಳಗೊಳ್ಳುತ್ತದಾ ಅಂತ ತರ್ಕಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ 1901ರಲ್ಲಿ ಕೇಳಿದ ಪ್ರಶ್ನೆಯಿಂದ ಗಣ ಸಿದ್ಧಾಂತವನ್ನೇ ಹೊಸದಾಗಿ ಕಟ್ಟಬೇಕಾಯಿತು.

ಜೊತೆಯಾಗಿ ಕೂತಾಗ ಮೊದಲು ಇದು ಯಾವ ಬಗೆಯದು ಅಂತ ಕೇಳಿಕೊಳ್ಳಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಒಬ್ಬನೇ ಬಿಡಿಸಿದ್ರೆ ಸಿಗೋ ಖುಷಿ ಗುಂಪಲ್ಲಿ ಸಿಗುತ್ತಾ?

ಬೇರೆ ಥರದ ಖುಷಿ ಸಿಗುತ್ತದೆ. ಗಣಿತಜ್ಞ ರಾಮಾನುಜನ್ ಮತ್ತು ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಮಹಾಲನೋಬಿಸ್ ಕತೆ ಇದಕ್ಕೆ ಸರಿಯಾದ ಉದಾಹರಣೆ. ಮೊದಲ ಮಹಾಯುದ್ಧ ಶುರುವಾಗಿದ್ದ ದಿನಗಳು, ಇಬ್ಬರೂ ಕೇಂಬ್ರಿಜ್‌ನಲ್ಲಿದ್ದರು. ಪತ್ರಿಕೆಯೊಂದರಲ್ಲಿ ಬಂದ ಒಗಟನ್ನು ಮಹಾಲನೋಬಿಸ್ ಓದಿ ಹೇಳಿದರು. ಒಂದು ಬೀದಿಯಲ್ಲಿ ಮನೆಗಳಿಗೆ 1, 2, 3 ಅಂತ ನಂಬರು. ಒಂದು ಮನೆಯ ಎಡಕ್ಕಿರುವ ನಂಬರುಗಳ ಮೊತ್ತ ಬಲಕ್ಕಿರುವ ನಂಬರುಗಳ ಮೊತ್ತಕ್ಕೆ ಸಮ. ಬೀದಿಯಲ್ಲಿ 50ರಿಂದ 500ರೊಳಗೆ ಮನೆಗಳಿವೆ. ಆ ಮನೆ ಯಾವುದು?

ಮಹಾಲನೋಬಿಸ್ ಒಂದೊಂದೇ ಹಾಕಿ ನೋಡಿ ಬೇಗನೇ ಉತ್ತರ ಕಂಡುಕೊಂಡಿದ್ದರು: 288 ಮನೆಗಳ ಬೀದಿಯಲ್ಲಿ 204ನೇ ಮನೆ. ಎರಡೂ ಕಡೆ ಮೊತ್ತ 20,706 ಬರುತ್ತದೆ, ಕೂಡಿ ನೋಡಿ. ಆದರೆ ರಾಮಾನುಜನ್ ಕೊಟ್ಟದ್ದು ಬರೀ ಒಂದು ಉತ್ತರ ಅಲ್ಲ, ಇಂಥ ಎಲ್ಲಾ ಬೀದಿಗಳಿಗೂ ಉತ್ತರ ಕೊಡುವ ಒಂದು ವಿತತ ಭಿನ್ನರಾಶಿ (ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುತ್ತಾ ಹೋಗುವಂಥದ್ದು). ಒಬ್ಬರಿಗೆ ಉತ್ತರ ಸಿಕ್ಕಿತು, ಇನ್ನೊಬ್ಬರಿಗೆ ಅದರ ಹಿಂದಿನ ಇಡೀ ಸಂಸಾರವೇ ಕಂಡಿತು. ಗುಂಪಿನಲ್ಲಿ ಬಿಡಿಸಿದರೆ ಇದು ಆಗಾಗ ಆಗುತ್ತದೆ: ನಿಮಗೆ ಮುಗಿಯಿತು ಅನಿಸಿದ ಜಾಗದಲ್ಲಿ ಇನ್ನೊಬ್ಬರು ಶುರು ಮಾಡಿರುತ್ತಾರೆ.

## ಜೊತೆಯಾಗಿ ಬಿಡಿಸುವಾಗ

ನನಗೆ ಉತ್ತರ ಗೊತ್ತು. ಹೇಳಿಬಿಡಲಾ?

ಬೇಡ. ಕಡೇಪಕ್ಷ ಎಲ್ಲರಿಗೂ ಕಾಣುವ ಹಾಗೆ ಬೇಡ. ಉತ್ತರ ಬರೆಯಲೇಬೇಕಿದ್ದರೆ ಮರೆಮಾಡಿ ಬರೆಯಿರಿ, ಅಥವಾ ಮೇಲೆ ದೊಡ್ಡದಾಗಿ "ಉತ್ತರ ಇದೆ" ಅಂತ ಹಾಕಿ ಒಂದಷ್ಟು ಖಾಲಿ ಸಾಲು ಬಿಡಿ. ಅದಕ್ಕಿಂತ ಒಳ್ಳೆಯದು ಸುಳಿವು ಕೊಡುವುದು.

ಸುಳಿವು ಅಂದರೆ ಉತ್ತರದ ತುಂಡು ಅಲ್ಲ. ಕೇಳಿದವರು ಮುಂದಿನ ಹೆಜ್ಜೆ ತಾವೇ ಇಡುವ ಹಾಗೆ ಮಾಡುವ ಪ್ರಶ್ನೆ. 12 ನಾಣ್ಯದ ಒಗಟು ತಗೊಳ್ಳಿ. 12ರಲ್ಲಿ ಒಂದು ಖೋಟಾ. ಅದು ಹಗುರವೋ ಭಾರವೋ ಗೊತ್ತಿಲ್ಲ. ತಕ್ಕಡಿಯಲ್ಲಿ ಮೂರೇ ಸಲ ತೂಗಿ ಅದನ್ನು ಹಿಡಿಯಬೇಕು, ಹಗುರವೋ ಭಾರವೋ ಅಂತಲೂ ಹೇಳಬೇಕು. ಹೆಚ್ಚಿನವರು ಮೊದಲು 6-6 ಇಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. "4-4 ಇಡು ಮಾರಾಯ" ಅಂದರೆ ಆಟ ಕೆಟ್ಟಿತು. ಬದಲಿಗೆ "ಒಂದು ಸಲ ತೂಗಿದರೆ ಎಷ್ಟು ಥರದ ಫಲಿತಾಂಶ ಬರಬಹುದು?" ಅಂತ ಕೇಳಿ. ಮೂರು: ಎಡ ತಗ್ಗಬಹುದು, ಬಲ ತಗ್ಗಬಹುದು, ಸಮ ಇರಬಹುದು. ಮೂರು ಸಲಕ್ಕೆ 27. ಬೇಕಾಗಿರುವುದು 12 ನಾಣ್ಯಕ್ಕೆ ಎರಡೆರಡರಂತೆ 24. ಸಾಲುತ್ತದೆ, ಆದರೆ ಬಿಗಿಯಾಗಿದೆ. ಹಾಗಾಗಿ ಮೊದಲ ತೂಕ ಆದಮೇಲೆ ಯಾವ ಕಡೆ ಹೋದರೂ 9ಕ್ಕಿಂತ ಜಾಸ್ತಿ ಸಾಧ್ಯತೆ ಉಳಿಯಬಾರದು. 5-5 ಇಟ್ಟರೆ ಒಂದು ಕಡೆ ತಗ್ಗಿದಾಗ 10 ಉಳಿಯುತ್ತವೆ, ಕೆಟ್ಟಿತು. 3-3 ಇಟ್ಟು ಸಮ ಬಂದರೆ ಹೊರಗಿನ ಆರಕ್ಕೆ 12 ಉಳಿಯುತ್ತವೆ, ಅದೂ ಕೆಟ್ಟಿತು. 4-4 ಇಟ್ಟರೆ ಎಲ್ಲಾ ಕಡೆಯೂ 8. ಇಷ್ಟನ್ನು ಅವರೇ ಕಂಡುಕೊಂಡರೆ ಇಂಥ ಇನ್ನೂ ಹತ್ತು ಒಗಟು ಅವರ ಕೈಗೆ ಬಂದ ಹಾಗೆ. ಉಳಿದ ಎರಡು ತೂಕ ನಿಮಗೆ ಬಿಟ್ಟಿದ್ದೇನೆ.

ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದ್ದೀನಿ. ಸಹಾಯ ಕೇಳಿದ್ರೆ ಯಾರೂ ಉತ್ತರ ಕೊಡಲ್ಲ. ಯಾಕೆ?

"ಇದು ಬರ್ತಿಲ್ಲ, ಹೆಲ್ಪ್ ಮಾಡಿ" ಅಂತ ಮಾತ್ರ ಬರೆದರೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಗಟನ್ನು ಪೂರ್ತಿ, ಮೂಲದಲ್ಲಿದ್ದ ಹಾಗೇ ಬರೆಯಿರಿ. ನೀವು ಏನು ಮಾಡಿ ನೋಡಿದಿರಿ, ಎಲ್ಲಿ ನಿಂತಿತು, ಅದನ್ನೂ ಹಾಕಿ. ಸುಳಿವು ಸಾಕಾ, ಪೂರ್ತಿ ಉತ್ತರ ಬೇಕಾ ಅಂತಲೂ ಹೇಳಿ. ಎಷ್ಟೋ ಸಲ ಇಷ್ಟು ಬರೆಯುವಷ್ಟರಲ್ಲಿ ಉತ್ತರ ತಾನಾಗೇ ಹೊಳೆಯುತ್ತದೆ, ಮೆಸೇಜ್ ಕಳಿಸುವ ಅಗತ್ಯವೇ ಬರುವುದಿಲ್ಲ.

6÷2(1+2) ಎಷ್ಟು? ಒಬ್ರು 9 ಅಂತಾರೆ, ಒಬ್ರು 1 ಅಂತಾರೆ.

ಬರೆದವರು ಸರಿಯಾಗಿ ಬರೆದಿಲ್ಲ, ಅಷ್ಟೇ. ಎಡದಿಂದ ಬಲಕ್ಕೆ ಹೋದರೆ 9. ಚಿಹ್ನೆ ಇಲ್ಲದೆ ಅಂಟಿಸಿ ಬರೆದ ಗುಣಾಕಾರ ಮೊದಲು ಅಂದುಕೊಂಡರೆ 1. ಕ್ಯಾಲ್ಕುಲೇಟರುಗಳಲ್ಲೂ ಎರಡು ಥರದವು ಇವೆ. ಇದು ಗಣಿತದ ಜಗಳ ಅಲ್ಲ, ಬರವಣಿಗೆಯ ಜಗಳ, ಇದರಲ್ಲಿ ಸಂಜೆ ಕಳೆಯಬೇಡಿ.

ಆದರೆ ಪಾಠ ಕೆಲಸಕ್ಕೆ ಬರುತ್ತದೆ. ಒಂದೇ ಸಾಲಿನಲ್ಲಿ ಟೈಪ್ ಮಾಡುವಾಗ ಕಂಸ ಹಾಕೋಕೆ ಜಿಪುಣತನ ಮಾಡಬೇಡಿ. (6÷2)×(1+2) ಅಂತ ಬರೆದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಉತ್ತರ ಬಂತು, ಸರಿ ಅಂತ ಹೇಗೆ ಗೊತ್ತಾಗೋದು?

ಮೊದಲು ಸಣ್ಣ ಸಂಖ್ಯೆ ಹಾಕಿ ನೋಡಿ. 100 ಬಾಗಿಲಿದ್ದರೆ 3 ಹಾಕಿ. ನಂತರ ಎಲ್ಲಾ ಷರತ್ತುಗಳನ್ನೂ ಬಳಸಿದ್ದೀರಾ ನೋಡಿ. ಒಂದು ಷರತ್ತು ಬಳಸದೇ ಉಳಿದಿದ್ದರೆ ಅನುಮಾನ ಪಡಿ.

ಆದರೆ ಸಣ್ಣ ಸಂಖ್ಯೆಗಳನ್ನೇ ನಂಬಿ ಕೂರಬೇಡಿ. ಒಂದು ವೃತ್ತದ ಮೇಲೆ ಚುಕ್ಕೆ ಇಡಿ, ಎಲ್ಲಾ ಚುಕ್ಕೆಗಳನ್ನೂ ಒಂದಕ್ಕೊಂದು ಗೆರೆಯಿಂದ ಸೇರಿಸಿ. ಮೂರು ಗೆರೆ ಒಂದೇ ಕಡೆ ಕೂಡದ ಹಾಗೆ ನೋಡಿಕೊಳ್ಳಿ. ವೃತ್ತ ಎಷ್ಟು ತುಂಡಾಗುತ್ತದೆ? ಒಂದು ಚುಕ್ಕೆಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ತಾನೆ? ಅಲ್ಲ, 31. ಎಣಿಸಿ ನೋಡಿ. ಗುಂಪಿನಲ್ಲಿ ಯಾರಾದರೂ "ಪ್ಯಾಟರ್ನ್ ಕಾಣ್ತಿದೆಯಲ್ಲ, ಸಾಕು" ಅಂದಾಗ ನಾನು ಈ ಚಿತ್ರ ಕಳಿಸುತ್ತೇನೆ.

ಎಐಗೆ ಕೇಳಿದ್ರೆ ಒಂದು ಸೆಕೆಂಡಲ್ಲಿ ಹೇಳುತ್ತೆ. ಹೀಗೆಲ್ಲ ಒದ್ದಾಡೋದ್ಯಾಕೆ?

ಉತ್ತರವಷ್ಟೇ ಬೇಕಿದ್ದರೆ ಕೇಳಿ, ತಪ್ಪೇನಿಲ್ಲ. ಕೋಡ್ ಬರೆಸಿ ಪರೀಕ್ಷೆ ಮಾಡೋಕೂ ಅದು ಚೆನ್ನಾಗಿದೆ. ಆದರೆ ಹೆಸರಾಂತ ಒಗಟಿನಲ್ಲಿ ಒಂದು ಪದ ಬದಲಾಯಿಸಿ ಕೊಟ್ಟಾಗ ಅದು ಹಳೇ ಉತ್ತರವನ್ನೇ ಗಿಳಿಪಾಠ ಒಪ್ಪಿಸುವುದುಂಟು. ಮಾಂಟಿ ಹಾಲ್ ಒಗಟಿನ (ಮೂರು ಬಾಗಿಲು, ಒಂದರ ಹಿಂದೆ ಕಾರು, ಕೆಳಗೆ ಬಿಡಿಸಿದ್ದೇನೆ) ಬಾಗಿಲುಗಳೆಲ್ಲ ಗಾಜಿನವು, ಕಾರು ಹೊರಗಿಂದಲೇ ಕಾಣುತ್ತದೆ ಅಂತ ಬರೆದು ನೋಡಿ. ಇನ್ನೊಂದು ಮಾತು: ಎಐ ಕೊಟ್ಟದ್ದನ್ನು ನಿಮ್ಮದು ಅಂತ ಗುಂಪಿನ ಮುಂದೆ ಇಡಬೇಡಿ. "ಮೂರನೇ ಸಾಲು ಹೇಗೆ ಬಂತು?" ಅಂತ ಯಾರೋ ಕೇಳೇ ಕೇಳುತ್ತಾರೆ.

## ಜಗಳ ತರಿಸುವ ಲೆಕ್ಕಗಳು

ಮಾಂಟಿ ಹಾಲ್ ಒಗಟಲ್ಲಿ ಎರಡು ಬಾಗಿಲು ಉಳಿದ ಮೇಲೆ ಅರ್ಧ-ಅರ್ಧ ತಾನೆ? 2/3 ಎಲ್ಲಿಂದ ಬಂತು?

ಇದರಷ್ಟು ಸಲ ಬೇರೆ ಯಾವ ಪ್ರಶ್ನೆಯೂ ಬಂದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರು ಬಾಗಿಲು. ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು ತೋರಿಸಿ, "ಬದಲಾಯಿಸ್ತೀರಾ?" ಅಂತ ಕೇಳುತ್ತಾನೆ. ಸ್ಟೀವ್ ಸೆಲ್ವಿನ್ 1975ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಈ ಒಗಟು ಬಂತು. 1990ರಲ್ಲಿ ಮ್ಯಾರಿಲಿನ್ ವೊಸ್ ಸವಾಂತ್ ತಮ್ಮ ಅಂಕಣದಲ್ಲಿ "ಬದಲಾಯಿಸಿ, 2/3 ಗೆಲುವು" ಅಂತ ಉತ್ತರ ಕೊಟ್ಟಾಗ ಸುಮಾರು 10,000 ಪತ್ರ ಬಂದವು. ಹೆಚ್ಚಿನವು ಅವರದು ತಪ್ಪು ಅನ್ನುವಂಥವು, ಅವುಗಳಲ್ಲಿ ಹತ್ತಿರಹತ್ತಿರ ಸಾವಿರ ಪತ್ರ ಪಿಎಚ್‌ಡಿ ಮಾಡಿದವರದ್ದು. ಸರಿ ಇದ್ದದ್ದು ಮ್ಯಾರಿಲಿನ್.

ಯಾಕೆ ಅಂದರೆ, ಬದಲಾಯಿಸುವವರು ಸೋಲುವುದು ಒಂದೇ ಸಂದರ್ಭದಲ್ಲಿ: ಮೊದಲೇ ಕಾರಿನ ಬಾಗಿಲು ಆರಿಸಿದ್ದರೆ. ಅದರ ಸಾಧ್ಯತೆ 1/3. ಉಳಿದ 2/3 ಸಂದರ್ಭಗಳಲ್ಲಿ ನೀವು ಮೇಕೆ ಆರಿಸಿರುತ್ತೀರಿ, ನಿರೂಪಕ ಇನ್ನೊಂದು ಮೇಕೆ ತೋರಿಸಲೇಬೇಕು, ಉಳಿದದ್ದು ಕಾರು.

ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ಎದ್ದು ಹೋಗುತ್ತಾರೆ. ನನಗೆ ಕುತೂಹಲ ಶುರುವಾಗುವುದೇ ಇಲ್ಲಿಂದ. ನಿರೂಪಕನಿಗೆ ಏನೂ ಗೊತ್ತಿಲ್ಲ, ಕಣ್ಣುಮುಚ್ಚಿ ಒಂದು ಬಾಗಿಲು ತೆರೆದ, ಅದೃಷ್ಟಕ್ಕೆ ಮೇಕೆ ಬಂತು ಅಂದುಕೊಳ್ಳಿ. ನೀವು ನೋಡಿದ್ದು ಅದೇ ದೃಶ್ಯ. ಆದರೆ ಈಗ ಉತ್ತರ ನಿಜಕ್ಕೂ ಅರ್ಧ-ಅರ್ಧ! ನೀವು ಮೇಕೆ ಆರಿಸಿದ್ದ 2/3ರಲ್ಲಿ ಅರ್ಧ ಸಲ ಅವನು ಕಾರನ್ನೇ ತೆರೆದುಬಿಡುತ್ತಿದ್ದ, ಆ ಆಟಗಳು ಲೆಕ್ಕದಿಂದ ಬಿದ್ದುಹೋದವು. ಉಳಿದದ್ದು 1/3ಕ್ಕೆ 1/3. ಇನ್ನೊಂದು ಸಾಧ್ಯತೆ: ನಿರೂಪಕ ಕಿಲಾಡಿ, ನೀವು ಕಾರು ಆರಿಸಿದಾಗ ಮಾತ್ರ ಬದಲಾಯಿಸುವ ಆಸೆ ತೋರಿಸುತ್ತಾನೆ. ಆಗ ಬದಲಾಯಿಸಿದವರು ಪ್ರತಿ ಸಲವೂ ಸೋಲುತ್ತಾರೆ.

ಅಂದರೆ ಕಣ್ಣಿಗೆ ಕಂಡದ್ದು ಒಂದೇ, ಉತ್ತರ ಮೂರು. ಅರ್ಧ-ಅರ್ಧ ಅನ್ನುವವರ ಜೊತೆ ವಾದಕ್ಕೆ ಇಳಿಯುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಿಮ್ಮ ನಿರೂಪಕ ಯಾವ ನಿಯಮ ಪಾಲಿಸುತ್ತಿದ್ದಾನೆ?" ಪ್ಯಾರಡಾಕ್ಸ್ ಹೆಸರಿನ ಬಹುಪಾಲು ಜಗಳ ಲೆಕ್ಕದಲ್ಲಿ ಇರುವುದೇ ಇಲ್ಲ. ಯಾರೂ ಬಾಯಿಬಿಟ್ಟು ಹೇಳದ ಷರತ್ತಿನಲ್ಲಿ ಇರುತ್ತದೆ.

ಎಷ್ಟು ವಿವರಿಸಿದ್ರೂ ಅವರು ಒಪ್ತಿಲ್ಲ. ಏನ್ಮಾಡ್ಲಿ?

ಆಡಿ ತೋರಿಸಿ. ಮಾಂಟಿ ಹಾಲ್‌ಗೆ ಮೂರು ಇಸ್ಪೀಟೆಲೆ ಸಾಕು. ಒಪ್ಪದವರನ್ನೇ ನಿರೂಪಕರನ್ನಾಗಿ ಮಾಡಿ, ಅದು ಮುಖ್ಯ. ಆಟಗಾರ ಮೊದಲು ಮೇಕೆ ಆರಿಸಿದಾಗಲೆಲ್ಲ ತಮಗೆ ಆಯ್ಕೆಯೇ ಇಲ್ಲ, ಒಂದೇ ಎಲೆ ತಿರುಗಿಸಬೇಕು ಅನ್ನುವುದು ಅವರಿಗೇ ಗೊತ್ತಾಗುತ್ತದೆ. ದೂರದಲ್ಲಿದ್ದರೆ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಆಟ ಆಡಿಸಿ. ಪಾಲ್ ಏರ್ಡಿಶ್‌ನಂಥ ದೊಡ್ಡ ಗಣಿತಜ್ಞರಿಗೂ ಈ ಉತ್ತರ ಗಂಟಲಲ್ಲಿ ಇಳಿದಿರಲಿಲ್ಲ, ಅವರ ಗೆಳೆಯ ವಾಜೊನಿ ಕಂಪ್ಯೂಟರಿನಲ್ಲಿ ಆಡಿಸಿ ತೋರಿಸಿದ ಮೇಲೆಯೇ ಅವರು ಒಪ್ಪಿದ್ದು. ಒಪ್ಪಿದರೂ ಯಾಕೆ ಹಾಗಾಗುತ್ತದೆ ಅಂತ ಹೇಳಲಿಲ್ಲವಲ್ಲ ಅನ್ನುವ ಅಸಮಾಧಾನ ಅವರಿಗೆ ಇದ್ದೇ ಇತ್ತು. ನ್ಯಾಯವಾದ ಅಸಮಾಧಾನ, ಸಿಮ್ಯುಲೇಶನ್ ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ.

ಅಷ್ಟಾದರೂ ಒಪ್ಪದಿದ್ದರೆ ಬಿಟ್ಟುಬಿಡಿ. ನಾಳೆ ಇನ್ನೊಂದು ಒಗಟು ಇದೆ.

0.999… ಅನ್ನೋದು 1ಕ್ಕೆ ಸ್ವಲ್ಪ ಕಮ್ಮಿ ಅಲ್ವಾ?

ಅಲ್ಲ, ಎರಡೂ ಒಂದೇ ಸಂಖ್ಯೆ. 1/3 = 0.333… ಅಂತ ಎಲ್ಲರೂ ಒಪ್ಪುತ್ತಾರೆ. ಅದನ್ನು ಮೂರರಿಂದ ಗುಣಿಸಿದರೆ ಮುಖ ಸಿಂಡರಿಸುತ್ತಾರೆ.

ಅನುಮಾನದ ಬೇರು ಎಲ್ಲಿದೆ ಅಂದರೆ, 0.9, 0.99, 0.999 ಅಂತ ಬರೆಯುತ್ತಾ ಹೋದಾಗ ಪ್ರತಿಯೊಂದೂ 1ಕ್ಕಿಂತ ಕಮ್ಮಿಯೇ. ನಿಜ. ಆದರೆ 0.999… ಆ ಸಾಲಿನಲ್ಲಿ ಬರುವ ಯಾವ ಸಂಖ್ಯೆಯೂ ಅಲ್ಲ. ಸಾಲು ಯಾವುದರ ಹತ್ತಿರ ಎಷ್ಟು ಬೇಕಾದರೂ ಹೋಗುತ್ತದೋ ಆ ಸಂಖ್ಯೆಯ ಹೆಸರು ಅದು, ಆ ಸಂಖ್ಯೆ 1. "ವ್ಯತ್ಯಾಸ 0.000…1 ಇದೆಯಲ್ಲ" ಅನ್ನುವವರೂ ಇದ್ದಾರೆ. ಸೊನ್ನೆಗಳಿಗೆ ಕೊನೆಯೇ ಇಲ್ಲದಿದ್ದರೆ ಆ 1 ಬರೆಯೋಕೆ ಜಾಗ ಎಲ್ಲಿ ಅಂತ ಕೇಳಿ.

ಇಬ್ಬರು ಮಕ್ಕಳಲ್ಲಿ ಒಂದು ಗಂಡು. ಇನ್ನೊಂದೂ ಗಂಡಾಗಿರೋ ಸಾಧ್ಯತೆ 1/2 ಅಂದ್ರೆ ನಗ್ತಾರೆ. ಯಾಕೆ?

ನಗುವವರೂ ಪೂರ್ತಿ ಸರಿ ಇಲ್ಲ. ಒಗಟುಗಳ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಇದನ್ನು ಕೇಳಿ 1/3 ಅಂತ ಉತ್ತರ ಕೊಟ್ಟಿದ್ದರು, ಆಮೇಲೆ ಪ್ರಶ್ನೆಯೇ ಅಸ್ಪಷ್ಟ ಅಂತ ಅವರೇ ಒಪ್ಪಿಕೊಂಡರು.

ಇಬ್ಬರು ಮಕ್ಕಳ ಮನೆಗಳನ್ನೆಲ್ಲ ಕರೆದು "ಒಂದಾದರೂ ಗಂಡು ಇರುವವರು ಕೈ ಎತ್ತಿ" ಅಂದರೆ ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು ಮೂರೂ ಬಗೆಯವರು ಎತ್ತುತ್ತಾರೆ. ಉತ್ತರ 1/3. ಅದರ ಬದಲು ಒಂದು ಮಗು ಸುಮ್ನೆ ಕಣ್ಣಿಗೆ ಬಿತ್ತು, ಅದು ಗಂಡು ಅಂತಾದರೆ ಇನ್ನೊಂದರ ಸಾಧ್ಯತೆ 1/2. ಮಾಹಿತಿ ನಿಮ್ಮ ಕೈಗೆ ಹೇಗೆ ಬಂತು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಮಜಾ ಬೇಕಿದ್ದರೆ ಮುಂದುವರಿಸಿ. ಗಾರ್ಡ್ನರ್ ಗೌರವಕ್ಕೆ ನಡೆಯುವ ಸಮ್ಮೇಳನದಲ್ಲಿ 2010ರಲ್ಲಿ ಗ್ಯಾರಿ ಫೋಶಿ ಕೇಳಿದ ಪ್ರಶ್ನೆ: ಒಬ್ಬ ಮಂಗಳವಾರ ಹುಟ್ಟಿದ ಗಂಡು, ಇಬ್ಬರೂ ಗಂಡಾಗಿರುವ ಸಾಧ್ಯತೆ ಎಷ್ಟು? ಏಳು ದಿನ, ಎರಡು ಲಿಂಗ, ಹಾಗಾಗಿ ಒಂದೊಂದು ಮಗುವಿಗೆ 14 ಬಗೆ. ಕೈ ಎತ್ತಿಸುವ ಥರದಲ್ಲಿ ಎಣಿಸಿದರೆ 14×14 ಚೌಕಗಳಲ್ಲಿ 27 ಹೊಂದುತ್ತವೆ, ಅವುಗಳಲ್ಲಿ 13ರಲ್ಲಿ ಇಬ್ಬರೂ ಗಂಡು. 13/27. ಮಂಗಳವಾರಕ್ಕೂ ಲಿಂಗಕ್ಕೂ ಏನು ಸಂಬಂಧ ಅಂತ ಕೂಗಾಡುವ ಮೊದಲು ಚೌಕ ಬರೆದು ಎಣಿಸಿ.

ಎರಡು ಲಕೋಟೆ ಒಗಟಲ್ಲಿ ಬದಲಾಯಿಸ್ತಾನೇ ಇದ್ರೆ ಲಾಭ ಅಂತ ಲೆಕ್ಕ ಬರುತ್ತೆ. ತಪ್ಪೆಲ್ಲಿ?

ಎರಡು ಲಕೋಟೆ, ಒಂದರಲ್ಲಿ ಇನ್ನೊಂದರ ಎರಡರಷ್ಟು ಹಣ. ನಿಮ್ಮ ಕೈಯಲ್ಲಿರುವುದು ಕ್ಷ ಅಂತಿಟ್ಟುಕೊಳ್ಳಿ. ಇನ್ನೊಂದರಲ್ಲಿ ಅರ್ಧ ಸಾಧ್ಯತೆಯಲ್ಲಿ 2ಕ್ಷ, ಅರ್ಧದಲ್ಲಿ ಕ್ಷ/2. ಸರಾಸರಿ 1.25ಕ್ಷ. ಹಾಗಾದರೆ ಬದಲಾಯಿಸಿ. ಬದಲಾಯಿಸಿದ ಮೇಲೆ ಅದೇ ವಾದ ಮತ್ತೆ ಅನ್ವಯಿಸುತ್ತದೆ, ಮತ್ತೆ ಬದಲಾಯಿಸಿ...

ಕಳ್ಳ ಇರುವುದು ಕ್ಷದಲ್ಲೇ. 2ಕ್ಷ ಅಂದಾಗ ಕ್ಷ ಚಿಕ್ಕ ಮೊತ್ತ, ಕ್ಷ/2 ಅಂದಾಗ ಅದೇ ಕ್ಷ ದೊಡ್ಡ ಮೊತ್ತ. ಎರಡನ್ನೂ ಒಂದೇ ಸಂಖ್ಯೆ ಅನ್ನುವ ಹಾಗೆ ಕೂಡಿಸಿದ್ದೀರಿ. ಲಕೋಟೆಗಳಲ್ಲಿ ಅ ಮತ್ತು 2ಅ ಇವೆ ಅಂತ ಬರೆದುಕೊಳ್ಳಿ: ಬದಲಾಯಿಸಿದರೆ ಅ ಲಾಭ ಅಥವಾ ಅ ನಷ್ಟ, ಸರಾಸರಿ ಸೊನ್ನೆ.

ಇಷ್ಟಕ್ಕೆ ಸಮಾಧಾನ ಆಗದವರು "ಲಕೋಟೆ ತೆರೆದು ನೋಡಿದ ಮೇಲೆ?" ಅಂತ ಕೇಳುತ್ತಾರೆ, ಕೇಳಬೇಕಾದ್ದೇ. ನೋಡಿದ ಮೊತ್ತ ಯಾವುದೇ ಇರಲಿ, ಇನ್ನೊಂದು ದುಪ್ಪಟ್ಟೋ ಅರ್ಧವೋ ಅನ್ನುವುದು ಸಮಸಮ ಆಗಬೇಕಿದ್ದರೆ ಹಣ ತುಂಬಿದವರು ಎಷ್ಟೇ ದೊಡ್ಡ ಮೊತ್ತವನ್ನೂ ಚಿಕ್ಕದರಷ್ಟೇ ಸಾಧ್ಯತೆಯಿಂದ ಇಡಬೇಕು. ಅಂಥ ಹಂಚಿಕೆ (ಯಾವ ಮೊತ್ತಕ್ಕೆ ಎಷ್ಟು ಸಾಧ್ಯತೆ ಅನ್ನುವ ಪಟ್ಟಿ) ಇರೋಕೇ ಸಾಧ್ಯವಿಲ್ಲ, ಎಲ್ಲಾ ಸಾಧ್ಯತೆ ಕೂಡಿಸಿದರೆ 1 ಬರುವುದಿಲ್ಲ. ಸ್ವಲ್ಪ ಹುಷಾರಾಗಿ ಆರಿಸಿದ ಕೆಲವು ಹಂಚಿಕೆಗಳಲ್ಲಿ ಮಾತ್ರ ತೆರೆದು ನೋಡಿದಾಗೆಲ್ಲ ಬದಲಾಯಿಸುವುದೇ ಲಾಭ ಅಂತ ಬರುತ್ತದೆ. ಅಲ್ಲಿ ಲಕೋಟೆಯ ಸರಾಸರಿ ಮೊತ್ತವೇ ಅನಂತ.

## ಇನ್ನೂ ಆಳಕ್ಕೆ

100 ಕೈದಿಗಳ ಒಗಟಿನ ಉತ್ತರ 31% ಅಂತಾರೆ. ಒಬ್ಬೊಬ್ಬನಿಗೆ ಇರೋದೇ ಅರ್ಧ ಚಾನ್ಸು, ಇದು ಹೇಗೆ ಸಾಧ್ಯ?

ನನ್ನ ಮೆಚ್ಚಿನ ಒಗಟು ಇದು. ಗಾಲ್ ಮತ್ತು ಮಿಲ್ಟರ್ಸನ್ 2003ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. 100 ಕೈದಿಗಳು, 100 ಪೆಟ್ಟಿಗೆ, ಒಳಗೆ 1ರಿಂದ 100ರ ಚೀಟಿಗಳು ಕಲೆಸಿಹೋಗಿವೆ. ಒಬ್ಬೊಬ್ಬರಾಗಿ ಒಳಗೆ ಹೋಗಿ 50 ಪೆಟ್ಟಿಗೆ ತೆರೆಯಬಹುದು. ಪ್ರತಿಯೊಬ್ಬನಿಗೂ ತನ್ನ ನಂಬರು ಸಿಕ್ಕರೆ ಎಲ್ಲರಿಗೂ ಬಿಡುಗಡೆ, ಒಬ್ಬ ತಪ್ಪಿದರೂ ಯಾರಿಗೂ ಇಲ್ಲ. ಒಳಗೆ ಹೋದಮೇಲೆ ಮಾತಿಲ್ಲ. ಮನಸ್ಸಿಗೆ ಬಂದ ಹಾಗೆ ತೆರೆದರೆ ಗೆಲುವು 1/2ರ ನೂರನೇ ಘಾತ, ಅಂದರೆ ಇಲ್ಲವೇ ಇಲ್ಲ ಅಂದುಕೊಳ್ಳಿ.

ಉಪಾಯ: ಮೊದಲು ನಿನ್ನ ನಂಬರಿನ ಪೆಟ್ಟಿಗೆ ತೆರೆ. ಒಳಗಿನ ಚೀಟಿಯಲ್ಲಿರುವ ನಂಬರಿನ ಪೆಟ್ಟಿಗೆಗೆ ಹೋಗು. ಹೀಗೇ ಹೋಗುತ್ತಿರು.

ಆರು ಪೆಟ್ಟಿಗೆ, ಮೂರು ತೆರೆಯುವ ಅವಕಾಶ ಅಂತ ಇಟ್ಟು ನೋಡೋಣ. 1ರಿಂದ 6ರ ಪೆಟ್ಟಿಗೆಗಳಲ್ಲಿ ಕ್ರಮವಾಗಿ 3, 5, 1, 6, 2, 4 ಇವೆ. ಒಂದನೇ ಕೈದಿ 1 ತೆರೆದರೆ 3 ಸಿಗುತ್ತದೆ, 3 ತೆರೆದರೆ 1 ಸಿಕ್ಕಿತು. ಎರಡನೆಯವನಿಗೆ 2ರಲ್ಲಿ 5, 5ರಲ್ಲಿ 2. ನಾಲ್ಕನೆಯವನಿಗೂ ಹಾಗೇ. ಚೀಟಿಗಳು ಸರಪಳಿಗಳಾಗಿ ಸುತ್ತಿಕೊಂಡಿವೆ, ಪ್ರತಿಯೊಬ್ಬ ತನ್ನ ಸರಪಳಿಯಲ್ಲೇ ನಡೆಯುತ್ತಾನೆ, ಕೊನೆಗೆ ತನ್ನ ಚೀಟಿಗೇ ಬರುತ್ತಾನೆ. ಮೂರಕ್ಕಿಂತ ಉದ್ದದ ಸರಪಳಿ ಇಲ್ಲದಿದ್ದರೆ ಎಲ್ಲರೂ ಗೆದ್ದರು. ಆರು ಪೆಟ್ಟಿಗೆಗೆ ಈ ಸಾಧ್ಯತೆ 1 − (1/4 + 1/5 + 1/6), ಅಂದರೆ 23/60. ನೂರಕ್ಕೆ 1/51ರಿಂದ 1/100ರವರೆಗೆ ಕೂಡಿಸಿ 1ರಿಂದ ಕಳೆಯಿರಿ, ಸುಮಾರು 0.31.

ಈಗ ನಿಮ್ಮ ಪ್ರಶ್ನೆ. ಒಬ್ಬೊಬ್ಬನ ಚಾನ್ಸು ಈಗಲೂ ಅರ್ಧವೇ, ಅದು ಬದಲಾಗಿಲ್ಲ. ಬದಲಾದದ್ದು ಸೋಲು ಹಂಚಿಹೋಗುವ ರೀತಿ. ಉದ್ದದ ಸರಪಳಿ ಇದ್ದ ದಿನ 50ಕ್ಕಿಂತ ಹೆಚ್ಚು ಜನ ಒಟ್ಟಿಗೇ ಸೋಲುತ್ತಾರೆ, ಇಲ್ಲದ ದಿನ ಒಬ್ಬನೂ ಸೋಲುವುದಿಲ್ಲ. ಸೋಲನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದ್ದಾರೆ. ಜೈಲರ್ ಉಪಾಯ ಕದ್ದು ಕೇಳಿಸಿಕೊಂಡು ಬೇಕಂತಲೇ ಉದ್ದದ ಸರಪಳಿ ಮಾಡಿಟ್ಟರೆ? ಕೈದಿಗಳು ಮೊದಲೇ ಗುಟ್ಟಾಗಿ ಪೆಟ್ಟಿಗೆಗಳಿಗೆ ಹೊಸ ನಂಬರು ಕಲೆಸಿ ಹಂಚಿಕೊಂಡರೆ ಮತ್ತೆ 31%ಗೆ ಬರುತ್ತದೆ.

ನಿದ್ರಾ ಸುಂದರಿ ಪ್ಯಾರಡಾಕ್ಸಿಗೆ ಕೊನೆಗೂ ಸರಿ ಉತ್ತರ ಯಾವುದು?

ಇನ್ನೂ ಒಮ್ಮತ ಇಲ್ಲ. ಭಾನುವಾರ ಸುಂದರಿಯನ್ನು ಮಲಗಿಸಿ ನಾಣ್ಯ ಚಿಮ್ಮುತ್ತಾರೆ. ತಲೆ (ಹೆಡ್ಸ್) ಬಿದ್ದರೆ ಸೋಮವಾರ ಮಾತ್ರ ಎಬ್ಬಿಸುತ್ತಾರೆ. ಬಾಲ (ಟೇಲ್ಸ್) ಬಿದ್ದರೆ ಸೋಮವಾರ, ಮಂಗಳವಾರ ಎರಡೂ ದಿನ, ನಡುವೆ ನೆನಪು ಅಳಿಸಿ. ಎದ್ದಾಗ ಅವಳು ತಲೆ ಬಿದ್ದಿರುವ ಸಾಧ್ಯತೆ ಎಷ್ಟು ಅನ್ನಬೇಕು? ತತ್ವಶಾಸ್ತ್ರಜ್ಞ ಆಡಮ್ ಎಲ್ಗಾ 2000ರಲ್ಲಿ 1/3 ಅಂದರು, ಮರುವರ್ಷ ಇನ್ನೊಬ್ಬ ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1/2 ಅಂತ ಉತ್ತರ ಬರೆದರು. ಅಲ್ಲಿಂದ ಎರಡು ಪಂಗಡ.

ಗುಂಪಿನಲ್ಲಿ ಇದು ಬಂದಾಗ ಬಾಜಿ ಕಟ್ಟಿಸಿ ನೋಡಿ. ಎದ್ದ ಪ್ರತಿ ಸಲ ಹಣ ಕೊಡುವುದಾದರೆ 1/3ರಂತೆ ಆಡಬೇಕು, ಇಡೀ ಪ್ರಯೋಗಕ್ಕೆ ಒಂದೇ ಸಲ ಕೊಡುವುದಾದರೆ 1/2ರಂತೆ. ಬಾಜಿಯ ನಿಯಮ ಹೇಳಿದ ಕೂಡಲೇ ಜಗಳ ಮಾಯ. ಉಳಿಯುವುದು "ನಂಬಿಕೆ" ಅಂದರೇನು ಅನ್ನುವ ಪ್ರಶ್ನೆ, ಅದು ಗಣಿತದವರ ಕೈಯಲ್ಲಿ ಮಾತ್ರ ಇಲ್ಲ. ನನ್ನ ಒಲವು 1/3 ಕಡೆ.

ಹೀಗೆ ಆನ್‌ಲೈನ್‌ನಲ್ಲಿ ಸೇರಿ ಬಿಡಿಸೋರು ಹೊಸದೇನಾದ್ರೂ ಕಂಡುಹಿಡಿದಿದ್ದಾರಾ?

ಹೌದು, ಅದೂ ಸಣ್ಣಪುಟ್ಟದ್ದಲ್ಲ. 2009ರಲ್ಲಿ ಗಣಿತಜ್ಞ ಟಿಮ್ ಗವರ್ಸ್ ಒಂದು ಗಟ್ಟಿ ಸಮಸ್ಯೆಯನ್ನು ಎಲ್ಲರ ಎದುರು ಇಟ್ಟು ಯಾರು ಬೇಕಾದರೂ ಸೇರಿ ಅಂದರು. ಸುಮಾರು ಏಳು ವಾರಗಳಲ್ಲಿ ಸಾಧನೆಯ ದಾರಿ ಸಿಕ್ಕಿತು. ಪಾಲಿಮ್ಯಾತ್ ಅನ್ನುವ ಆ ಯೋಜನೆಯ ಇನ್ನೊಂದು ಕಂತು 2013ರದ್ದು. ಅನಂತ ಸಲ ಎರಡು ಅವಿಭಾಜ್ಯ ಸಂಖ್ಯೆಗಳ ನಡುವಿನ ಅಂತರ 7 ಕೋಟಿಗಿಂತ ಕಮ್ಮಿ ಅಂತ ಯಿಟಾಂಗ್ ಝಾಂಗ್ ಸಾಧಿಸಿದ್ದರು. ಜನ ಸೇರಿ ಅದನ್ನು 4,680ಕ್ಕೆ ಇಳಿಸಿದರು, ಜೇಮ್ಸ್ ಮೇನಾರ್ಡ್ ಅವರ ಹೊಸ ವಿಧಾನ ಸೇರಿದ ಮೇಲೆ 246ಕ್ಕೆ.

ಇದಕ್ಕಿಂತ ಮಜಾ ಇರುವುದು ಇನ್ನೊಂದು. 14 ಕಂತುಗಳ ಒಂದು ಅನಿಮೆ (ಜಪಾನಿ ಕಾರ್ಟೂನ್) ಧಾರಾವಾಹಿಯನ್ನು ಎಲ್ಲಾ ಕ್ರಮಗಳಲ್ಲೂ ನೋಡಬೇಕಿದ್ದರೆ ಕಡೇಪಕ್ಷ ಎಷ್ಟು ಕಂತು ನೋಡಬೇಕು ಅಂತ ಯಾರೋ ಕೇಳಿದರು. 2011ರಲ್ಲಿ ಹೆಸರು ಹಾಕದ ಒಬ್ಬರು ಕೆಳಮಿತಿಯ, ಅಂದರೆ ಇದಕ್ಕಿಂತ ಕಮ್ಮಿ ಕಂತಿನಲ್ಲಿ ಆಗುವುದಿಲ್ಲ ಅನ್ನುವುದರ, ಸಾಧನೆ ಬರೆದು ಹೋದರು. ಅದರ ಬೆಲೆ ಗಣಿತಜ್ಞರ ಗಮನಕ್ಕೆ ಸರಿಯಾಗಿ ಬಂದದ್ದು 2018ರಲ್ಲಿ. ಅದೇ ವರ್ಷ ವೈಜ್ಞಾನಿಕ ಕತೆಗಾರ ಗ್ರೆಗ್ ಈಗನ್ ಮೇಲ್ಮಿತಿ ಕೊಟ್ಟರು. 14 ಕಂತಿಗೆ ಉತ್ತರ 93,88,43,13,611 ಮತ್ತು 93,92,42,30,411ರ ನಡುವೆ ಎಲ್ಲೋ ಇದೆ. ಆ ಸಾಧನೆಯನ್ನು ಪ್ರಬಂಧವಾಗಿ ಬರೆದಾಗ ಲೇಖಕರ ಪಟ್ಟಿಯಲ್ಲಿ ಮೊದಲು ಹಾಕಿದ್ದು ಆ ಅನಾಮಿಕರನ್ನೇ.

2022ರಲ್ಲಿ ಡೇವಿಡ್ ಸ್ಮಿತ್ ಎಂಬ ಹವ್ಯಾಸಿ ಟೋಪಿಯಂಥ ಒಂದು ಆಕಾರ ಕಂಡುಕೊಂಡರು. ಆ ಒಂದೇ ಹಂಚಿನಿಂದ ಇಡೀ ಸಮತಲ ಮುಚ್ಚಬಹುದು, ಆದರೆ ವಿನ್ಯಾಸ ಎಂದೂ ಮರುಕಳಿಸುವುದಿಲ್ಲ. ಸಾಧನೆಗೆ ಮೂವರು ಪರಿಣತರು ಜೊತೆಯಾದರು.

ಕೊಲಾಟ್ಸ್ ಊಹೆಯನ್ನ ಸಾಧಿಸಿದ್ದೀನಿ ಅನ್ಸುತ್ತೆ. ಯಾರಿಗೆ ಕಳಿಸಲಿ?

ಈಗಲೇ ಯಾರಿಗೂ ಬೇಡ. ಗೊತ್ತಿಲ್ಲದವರಿಗೆ: ಒಂದು ಸಂಖ್ಯೆ ತಗೊಳ್ಳಿ, ಸಮ ಇದ್ದರೆ ಅರ್ಧ ಮಾಡಿ, ಬೆಸ ಇದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಯಾವುದರಿಂದ ಶುರು ಮಾಡಿದರೂ ಕೊನೆಗೆ 1 ಬರುತ್ತದೆ ಅನ್ನುವುದು 1937ರಿಂದ ಇರುವ ಊಹೆ. 27ರಿಂದ ಹೊರಟರೆ 9,232ರವರೆಗೆ ಹತ್ತಿ, 111 ಹೆಜ್ಜೆ ಆದಮೇಲೆ 1ಕ್ಕೆ ಇಳಿಯುತ್ತದೆ. 2020ರ ಹೊತ್ತಿಗೆ 2ರ 68ನೇ ಘಾತದವರೆಗಿನ ಎಲ್ಲಾ ಸಂಖ್ಯೆಗಳನ್ನೂ ಕಂಪ್ಯೂಟರ್ ಪರೀಕ್ಷಿಸಿ ಆಗಿತ್ತು. ಸಾಧನೆ ಮಾತ್ರ ಇಲ್ಲ.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಸಾಧನೆಯಲ್ಲಿ "ಒಂದು ಕೂಡಿಸಿ" ಇರುವ ಕಡೆಯೆಲ್ಲ "ಒಂದು ಕಳೆಯಿರಿ" ಅಂತ ಹಾಕಿ ಮೊದಲಿನಿಂದ ಓದಿ. ಆಗ 5 → 14 → 7 → 20 → 10 → 5 ಅಂತ ಸುತ್ತು ಹೊಡೆಯುತ್ತದೆ, 1ಕ್ಕೆ ಬರುವುದೇ ಇಲ್ಲ. ಹಾಗಿದ್ದೂ ನಿಮ್ಮ ವಾದ ಎಲ್ಲೂ ಮುರಿಯದೆ ನಡೆದರೆ ತಪ್ಪು ಇದೆ ಅಂತ ಖಾತ್ರಿ. ಮುರಿದರೆ ಯಾವ ಸಾಲಿನಲ್ಲಿ ಮುರಿಯಿತು ಅಂತ ಗುರುತು ಹಾಕಿ, ಆ ಒಂದು ಸಾಲನ್ನು ಮಾತ್ರ ಬಿಡಿಸಿ ಬರೆದು ಗುಂಪಿನ ಮುಂದಿಡಿ. ನಲವತ್ತು ಪುಟ ಯಾರೂ ಓದುವುದಿಲ್ಲ, ಒಂದು ಸಾಲನ್ನು ಎಲ್ಲರೂ ಓದುತ್ತಾರೆ.